ಸಹಿಗಿಂತ ಮೊದಲು ತೋಳು ನೋಡಿ

ಪ್ರಶ್ನೆ: ಫಿಲಡೆಲ್ಫಿಯಾದಲ್ಲಿದ್ದೇನೆ. ಆನೆದಂತದ ತೆಳು ಹಾಳೆಯ ಮೇಲೆ ಬರೆದ ಮಹಿಳೆಯೊಬ್ಬರ ಕಿರುಭಾವಚಿತ್ರ ಮಾರಾಟಕ್ಕಿದೆ. ‘ಮಾಲ್ಬೋನ್ 1806’ ಎಂಬ ಸಹಿಯಿದೆ, ಹಿಂದೆ ಗಾಜಿನಡಿ ಹೆಣೆದ ಕೂದಲಿದೆ. ಫೋಟೊ ಕಳಿಸಿದ್ದೇನೆ. ಕೊಳ್ಳಬಹುದೇ?

ಉತ್ತರ: ಮತ್ತೆ ಮಾಲ್ಬೋನ್, ಅಮೆರಿಕದ ಆ ಹೆಸರಾಂತ ಕಿರುಚಿತ್ರಕಾರ! ಎಲ್ಲರೂ ಸಹಿಯ ಫೋಟೊ ದೊಡ್ಡದು ಮಾಡಿ ಕಳಿಸುತ್ತಾರೆ, ಬಟ್ಟೆ ನೋಡುವವರೇ ಇಲ್ಲ. ಆಕೆಯ ಅಂಗಿಯ ತೋಳು ನೋಡಿ. ಭುಜದಿಂದಲೇ ಬುರಬುರನೆ ಉಬ್ಬಿದೆ. ಮುಡಿ ನೆತ್ತಿಯ ಮೇಲಿದೆ, ಪಟ್ಟಿ ಸೊಂಟದಲ್ಲಿದೆ. ಇದು 1830ರ ಆಸುಪಾಸಿನ ಉಡುಗೆ. 1806ರಲ್ಲಾದರೆ ಎದೆಯ ಕೆಳಗೇ ಬಿಗಿದು ನೇರ ಇಳಿಬಿಟ್ಟ ತೆಳು ಅಂಗಿ ಇರುತ್ತಿತ್ತು. ಎಡ್ವರ್ಡ್ ಗ್ರೀನ್ ಮಾಲ್ಬೋನ್ ಅಮೆರಿಕದ ಸವಾನಾ ನಗರದಲ್ಲಿ ಕ್ಷಯದಿಂದ ತೀರಿಕೊಂಡದ್ದು 1807ರಲ್ಲಿ, 29ನೇ ವಯಸ್ಸಿಗೆ. ಆ ಸಹಿ ಬೆಲೆ ಏರಿಸಲು ಯಾರೋ ಆಮೇಲೆ ಸೇರಿಸಿದ್ದು.

ಕೂದಲೂ ಸಾಕ್ಷಿಯಲ್ಲ. ಅದಿರುವುದು ಚಿತ್ರ ಕೂರಿಸಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಬದಲಿಸುವುದು ಈ ವ್ಯಾಪಾರದಲ್ಲಿ ಹಳೆಯ ಚಾಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ಕೆನ್ನೆ ನೋಡಿ. ಮಾಲ್ಬೋನ್ ಕೈಯಲ್ಲಿ ಮುಖ ಮೂಡುವುದು ಒಂದರ ಮೇಲೊಂದು ಹಾಯ್ದ ಕೂದಲೆಳೆಯಂಥ ಗೆರೆಗಳಿಂದ. ನಡುವೆ ಬಿಟ್ಟ ದಂತದ ಹೊಳಪೇ ಚರ್ಮದ ಕಾಂತಿಯಾಗುತ್ತದೆ. ಅದರ ಬದಲು ಮುದ್ರಣದ ಸಮಸಮ ಚುಕ್ಕಿಗಳು ಕಂಡರೆ ಅದು ಬಣ್ಣ ಸವರಿದ ಅಚ್ಚು. ಅಲ್ಲಿಂದ ಎದ್ದು ಬನ್ನಿ.

ಗೆರೆ ಕೈಯದೇ ಆಗಿದ್ದರೆ ‘ಅನಾಮಿಕ, ಸುಮಾರು 1830’ ಎಂಬ ದರ ಕೇಳಿ, ಅದನ್ನೇ ರಸೀದಿಯಲ್ಲಿ ಬರೆಸಿ. ಬರೆಯಲು ಹಿಂದೆಗೆಯುವವರಿಂದ ನಾನಂತೂ ಕೊಳ್ಳುವುದಿಲ್ಲ. ಆ ಕಾಲದ ಎಷ್ಟೋ ಉತ್ತಮ ಕಿರುಚಿತ್ರಗಳಿಗೆ ಸಹಿಯೇ ಇಲ್ಲ. ಅದೇ ಕಾಲದ ಕಿರುಚಿತ್ರಕಾರ ಜೇಮ್ಸ್ ಪೀಲ್‌ನಂತೆ ಹೆಸರಿನ ಮೊದಲಕ್ಷರಗಳನ್ನು ‘ಐ ಪಿ’ (ಜೆ ಬದಲು ಐ) ಎಂದು ಬರೆದು ಇಸವಿ ಹಾಕುವ ಅಭ್ಯಾಸ ಎಲ್ಲರಿಗೂ ಇರಲಿಲ್ಲ. ಸಹಿಯಿಲ್ಲದ್ದನ್ನು ಕೀಳೆಂದು ಬಿಡಬೇಡಿ.

ಪ್ರಶ್ನೆ: ನಿಜವಾದ ದಂತವೇ ಎಂದು ಕಾದ ಸೂಜಿ ಚುಚ್ಚಿ ನೋಡಬಹುದೇ?

ಉತ್ತರ: ಖಂಡಿತ ಕೂಡದು. ಕಾಗದದಷ್ಟು ತೆಳು ಹಾಳೆಗೆ ಸೂಜಿ ಚುಚ್ಚಲು ಹೇಳಿಕೊಡುವ ‘ಪರಿಣತ’ರಿಂದ ಎಷ್ಟು ಮುಖಗಳು ಹಾಳಾಗಿವೆಯೋ! ಬೆಳಕಿಗೆ ಓರೆಯಾಗಿ ಹಿಡಿದು ದಂತದ ಸಹಜ ಎಳೆ ಹುಡುಕಿ. ಕಾಣದಿದ್ದರೆ ಸಂರಕ್ಷಣಾ ತಜ್ಞರಿಗೆ ತೋರಿಸಿ.

ಪ್ರಶ್ನೆ: ಒದ್ದೆ ಹತ್ತಿಯಿಂದ ಒರೆಸಿದರೆ ಬಣ್ಣ ಮರಳುತ್ತದೆಯೇ?

ಉತ್ತರ: ಅದು ಜಲವರ್ಣ. ಬಣ್ಣ ಹತ್ತಿಗೆ ಬರುತ್ತದೆ.

ಪ್ರಶ್ನೆ: ಜಾರ್ಜ್ ವಾಷಿಂಗ್ಟನ್ನರ ಮುಖವಿರುವ ಕಿರುಚಿತ್ರ ಅಗ್ಗಕ್ಕೆ ಸಿಕ್ಕಿದೆ, ಅಸಲಿಯೇ?

ಉತ್ತರ: ಅಗ್ಗಕ್ಕೆ ಸಿಕ್ಕಿದ್ದರೆ ನಂತರದ ನಕಲೆಂದೇ ಹಿಡಿಯಿರಿ.

ಪ್ರಶ್ನೆ: ಬೆಂಗಳೂರಿನ ಮನೆಗೆ ತರಬಹುದೇ?

ಉತ್ತರ: ತರಬೇಡಿ. ಭಾರತದಲ್ಲಿ ದಂತದ ವಿಷಯದಲ್ಲಿ ವನ್ಯಜೀವಿ ಕಾನೂನು ಬಹಳ ಕಠಿಣ. ‘ಇನ್ನೂರು ವರ್ಷ ಹಳೆಯದು’ ಎಂಬ ಮಾರಾಟಗಾರನ ಮಾತು ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಅಮೆರಿಕದೊಳಗೂ ರಾಜ್ಯಕ್ಕೊಂದು ನಿಯಮವಿದೆ, ನ್ಯೂಜೆರ್ಸಿಯದು ಬಲು ಬಿಗಿ. ಹಣ ಕೊಡುವ ಮೊದಲೇ ವಕೀಲರನ್ನು ಕೇಳಿ.