ರೂಮ್ ಹೀಟರ್ ಅನ್ನು ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ನಿಜಕ್ಕೂ ಅಪಾಯವೇ?

ಹೌದು, ಬೋರ್ಡ್ 6 ಆಂಪಿಯರ್‌ದಾಗಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ಲೆಕ್ಕ ಸುಲಭ. ಹೀಟರ್ ಮೇಲೆ ಬರೆದಿರುವ ವ್ಯಾಟನ್ನು ಮನೆಯ ಕರೆಂಟಿನ ವೋಲ್ಟೇಜ್ ಆದ 230ರಿಂದ ಭಾಗಿಸಿ. 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್, ಬೋರ್ಡಿನ ಮಿತಿಯ ಹತ್ತಿರ ಹತ್ತಿರ ಒಂದೂವರೆ ಪಟ್ಟು. ‘ಅಷ್ಟೇ ಅಲ್ವಾ’ ಅನ್ನಿಸಬಹುದು. ಆದರೆ ಕರೆಂಟ್ ಒಂದೂವರೆ ಪಟ್ಟಾದರೆ ವೈರಿನ ಬಿಸಿ ಎರಡು ಪಟ್ಟು ದಾಟುತ್ತದೆ.

ಜಾಸ್ತಿ ಕಾಯುವುದು ಪಿನ್ ಸಡಿಲವಾಗಿ ಕೂತಿರುವ ಜಾಗ. ಅಲ್ಲಿನ ಪ್ಲಾಸ್ಟಿಕ್ ಕಂದಾಗಿ, ಸುಟ್ಟ ವಾಸನೆ ಬಂದರೆ ಆ ಬೋರ್ಡನ್ನು ಎಸೆಯಿರಿ. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಆಫ್ ಆಗುವ ಸ್ವಿಚ್) ಕಾಪಾಡುತ್ತದೆ ಅಂತ ಸುಮ್ನೆ ಕೂರಬೇಡಿ; 16 ಆಂಪಿಯರ್ ಎಂಸಿಬಿಗೆ 8.7 ಲೆಕ್ಕಕ್ಕೇ ಇಲ್ಲ, ಅದು ಬೀಳುವುದಿಲ್ಲ. ಹತ್ತು ನಿಮಿಷ ಹಾಕಿ ನೋಡಿದೆ, ಏನೂ ಆಗಲಿಲ್ಲ ಅನ್ನುವುದೂ ಪರೀಕ್ಷೆಯಲ್ಲ. ಬಿಸಿ ಏರುವುದು ನಿಧಾನ, ಹೀಟರ್ ಉರಿಯುವುದು ರಾತ್ರಿಯಿಡೀ.