ಮಾಲೆ ಹಾಕಿದಾಗ ಮುಟ್ಟದವರು, ತೆಗೆದ ಸಂಜೆಯೇ ಕುಡಿದರೆ?

ಪ್ರಶ್ನೆ: ನಮ್ಮ ಯಜಮಾನರಿಗೆ 42 ವರ್ಷ. ಲಗೇಜ್ ಆಟೊ ಓಡಿಸುತ್ತಾರೆ. ದಿನಕ್ಕೆ ಎರಡು ಕ್ವಾರ್ಟರ್ ಬೇಕು. ಬೆಳಿಗ್ಗೆ ಕೈ ನಡುಗುತ್ತದೆ, ಒಂದಿಷ್ಟು ಹಾಕಿಕೊಂಡರೆ ನಿಲ್ಲುತ್ತದೆ. ಆದರೆ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕಿದರೆ 48 ದಿನ ಮುಟ್ಟುವುದಿಲ್ಲ. ಕಳೆದ ಸಲ ಮೂರನೆಯ ರಾತ್ರಿ ಮಾತ್ರ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಬೆಳಗಿನವರೆಗೂ ಒರೆಸುತ್ತಿದ್ದರು, ಆಮೇಲೆ ಸರಿಹೋಯಿತು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಮತ್ತೆ ಶುರು. ಮನಸ್ಸು ಮಾಡಿದರೆ ಬಿಡಬಲ್ಲರು ಎಂದಮೇಲೆ ಇದು ಕಾಯಿಲೆಯೋ, ಕೊಬ್ಬೋ? ಒಂದು ಕೇಂದ್ರದವರು ಮೂರು ತಿಂಗಳು ಒಳಗಿಡಬೇಕು ಎನ್ನುತ್ತಾರೆ. ದುಡಿಮೆ ನಿಂತರೆ ಮನೆ ನಡೆಯುವುದಿಲ್ಲ. ಸಾರಿನಲ್ಲಿ ಬೆರೆಸುವ ಪುಡಿ ಇದೆಯಂತೆ, ಕೊಡಲೇ?
– ಹೆಸರು ಬೇಡ, ಅರಸೀಕೆರೆ ತಾಲ್ಲೂಕು

ಉತ್ತರ: ಅಮ್ಮಾ, ಇರುವೆಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಗಾಬರಿಗೊಳಿಸಿದ್ದು ಅದೇ. ವರ್ಷಗಟ್ಟಲೆ ದಿನವೂ ಕುಡಿದ ಮೆದುಳು ಮದ್ಯಕ್ಕೆ ಒಗ್ಗಿಕೊಂಡಿರುತ್ತದೆ. ಅದನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ ಮತ್ತು ಬೆವರು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಇಲ್ಲದ್ದು ಕಾಣುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಸನ್ನಿ ಹಿಡಿದಂತಾಗುವುದು ಇವೆಲ್ಲ ಆಗಬಹುದು. ಸನ್ನಿಯಿಂದ ಜೀವವೂ ಹೋಗಬಹುದು. ಒಮ್ಮೆ ಹೀಗಾದವರಿಗೆ ಮುಂದಿನ ಸಲ ಇನ್ನೂ ಜೋರಾಗಿ ಬರುವ ಸಾಧ್ಯತೆ ಹೆಚ್ಚು. ಕಳೆದ ವರ್ಷ ಅವರು ಉಳಿದದ್ದು ಪುಣ್ಯ. ಈ ಸಲ ಮಾಲೆ ಹಾಕುವ ಮೊದಲೇ ವೈದ್ಯರನ್ನು ಕಾಣಲಿ. ಅಲ್ಲಿಯವರೆಗೆ ಬಾಟಲಿ ಬಚ್ಚಿಟ್ಟು ಹಠಾತ್ತನೆ ನಿಲ್ಲಿಸಬೇಡಿ. ಡಾಕ್ಟರಾಗಿ ಇದನ್ನು ಹೇಳುವುದು ನನಗೆ ಕಷ್ಟ, ಆದರೂ ಹೇಳಲೇಬೇಕು.

ಪುಡಿಯ ಮಾತು ಬಿಟ್ಟುಬಿಡಿ. ಅಂಥ ಪುಡಿಯಲ್ಲಿ ಏನಿದೆಯೆಂದು ಯಾರೂ ಹೇಳಲಾರರು. ಡೈಸಲ್ಫಿರಾಂ ಎಂಬ ನಿಜವಾದ ಮಾತ್ರೆಯೊಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿದವರಿಗೆ ಮಾತ್ರ ನಾವು ಅದನ್ನು ಕೊಡುತ್ತೇವೆ. ತಿಳಿಯದವರಿಗೆ ಕದ್ದು ಕೊಟ್ಟರೆ ಅದು ಸಾವಿಗೂ ಕಾರಣವಾದೀತು. ಗುಟ್ಟು ಹೊರಬಿದ್ದ ದಿನ ನಿಮ್ಮ ಕೈಯಡುಗೆಯ ಮೇಲಿನ ನಂಬಿಕೆಯೂ ಹೋಗುತ್ತದೆ.

ಇನ್ನು ಕಾಯಿಲೆಯೋ, ಕೊಬ್ಬೋ ಎಂಬ ಪ್ರಶ್ನೆ. ಕುಡಿತದ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಹಲವು ಸಲ ಬಿಟ್ಟವರೇ. ಬಿಟ್ಟದ್ದು ಉಳಿಯದಿರುವುದೇ ಈ ಕಾಯಿಲೆಯ ಲಕ್ಷಣ. ಮಾಲೆ ಹಾಕಿದ ಆ 48 ದಿನ ಏನೇನು ಬದಲಾಗಿತ್ತು, ನೆನಪು ಮಾಡಿಕೊಳ್ಳಿ. ನಸುಕಿನಲ್ಲೇ ತಣ್ಣೀರ ಸ್ನಾನ. ಎಲ್ಲರ ಬಾಯಲ್ಲೂ ‘ಸ್ವಾಮಿ’. ಬಾರಿನ ಮುಂದಿನ ದಾರಿ ಬಿಟ್ಟು ಭಜನೆಯ ಮನೆಯ ದಾರಿ. ಸಂಜೆ ಏಳಕ್ಕೆ ಗೆಳೆಯರು ಫೋನ್ ಮಾಡುವುದಿಲ್ಲ. ಮಾಡಿದರೂ ‘ಮಾಲೆ ಹಾಕಿದ್ದೇನೆ’ ಎಂಬ ಒಂದು ಮಾತು ಸಾಕು, ಮರುಮಾತಿಲ್ಲ. ಅವರ ಮನಸ್ಸು ಗಟ್ಟಿಯಾಗಿತ್ತು ನಿಜ, ಆದರೆ ಇಡೀ ಊರೂ ಅವರ ಜೊತೆ ವ್ರತ ಹಿಡಿದಿತ್ತು. ಮಾಲೆ ತೆಗೆದ ಸಂಜೆ ಈ ಎಲ್ಲ ಆಸರೆ ಒಟ್ಟಿಗೇ ಕಳಚಿಬೀಳುತ್ತದೆ. ಆ ಸಂಜೆಗೆ ಅವರನ್ನು ಸಿದ್ಧಪಡಿಸುವ ಕೆಲಸಕ್ಕೆ ಆಪ್ತಸಮಾಲೋಚನೆ ಎನ್ನುತ್ತೇವೆ.

ಅದು ನಡೆಯುವುದು ಹೀಗೆ. ‘ಮಾಲೆ ತೆಗೆದ ದಿನ ಎಷ್ಟು ಹೊತ್ತಿಗೆ ಆಸೆಯಾಯಿತು? ಜೇಬಿನಲ್ಲಿ ಎಷ್ಟು ದುಡ್ಡಿತ್ತು? ಮೊದಲು ಕರೆದವರು ಯಾರು?’ ಎಂದು ಕೇಳುತ್ತೇನೆ. ಬಾಡಿಗೆಯ ದುಡ್ಡು ಕೈಗೆ ಬರುವ ಹೊತ್ತೇ ಅಪಾಯದ್ದಾದರೆ ಆ ದುಡ್ಡು ನೇರ ನಿಮ್ಮ ಫೋನಿಗೆ ಬರುವಂತೆ ಮಾಡುತ್ತೇವೆ. ಕರೆದವನಿಗೆ ಏನು ಹೇಳಬೇಕೆಂದು ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸುತ್ತೇವೆ. ಕುಡಿಯಬೇಕೆಂಬ ಆಸೆ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಆ ಅರ್ಧ ಗಂಟೆ ಎಲ್ಲಿರಬೇಕೆಂದು ಮೊದಲೇ ಗೊತ್ತಿರಬೇಕು. ಹೊಟ್ಟೆಗೆ ಬಿದ್ದಿದ್ದರೆ ಆಸೆ ಕಡಿಮೆ. ಆದ್ದರಿಂದ ಸಂಜೆ ಆರಕ್ಕೇ ಊಟಕ್ಕೆ ಬಡಿಸಿ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ಯಾವುದು ಸರಿ ಎಂಬುದು ಲಿವರ್ ಮತ್ತು ಕಿಡ್ನಿಯ ಪರೀಕ್ಷೆ ನೋಡಿ ತೀರ್ಮಾನವಾಗುತ್ತದೆ.

ಮೂರು ತಿಂಗಳು ಒಳಗಿಡುವ ಅಗತ್ಯ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಕುಡಿತ ಬಿಡುವ ಬಹಳ ಜನರಿಗೆ ಹೊರರೋಗಿ ಚಿಕಿತ್ಸೆಯೇ ಸಾಕು. ನಡುಕ ನಿಲ್ಲಿಸುವ ಮಾತ್ರೆಯ ಸ್ಟ್ರಿಪ್ ಮನೆಯವರ ಕೈಯಲ್ಲಿರುತ್ತದೆ, ವಾರ ಹತ್ತು ದಿನದಲ್ಲಿ ಡೋಸ್ ಇಳಿಸುತ್ತ ನಿಲ್ಲಿಸುತ್ತೇವೆ, ಜೊತೆಗೆ ಥಯಾಮಿನ್ ವಿಟಮಿನ್ ಕೊಡುತ್ತೇವೆ. ಆದರೆ ಇರುವೆ ಕಂಡ ರಾತ್ರಿಯ ಕಾರಣದಿಂದ ನಿಮ್ಮವರಿಗೆ ಮೊದಲ ಒಂದು ವಾರ ಆಸ್ಪತ್ರೆಯಲ್ಲೇ ಇರಲು ಹೇಳುತ್ತೇನೆ. ಅದಕ್ಕೆ ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವನ್ನು ಕೇಳಿ. ಆಮೇಲೆ ಗಾಡಿ ಓಡಿಸಿಕೊಂಡೇ ಬಂದುಹೋಗಬಹುದು: ಮೊದಲ ತಿಂಗಳು ವಾರಕ್ಕೊಮ್ಮೆ, ಬಳಿಕ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಕನಿಷ್ಠ ಒಂದು ವರ್ಷ. ನಡುಕ ನಿಲ್ಲಿಸುವ ಮಾತ್ರೆ ಮಂಪರು ತರುವುದರಿಂದ ಅದನ್ನು ತೆಗೆದುಕೊಳ್ಳುವಷ್ಟು ದಿನ ಸ್ಟಿಯರಿಂಗ್ ಹಿಡಿಯುವಂತಿಲ್ಲ. ಖಾಸಗಿ ಕೇಂದ್ರವನ್ನೇ ನೋಡುವುದಾದರೆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ.

ಅವರೊಂದಿಗೆ ಮಾತನಾಡುವುದಾದರೆ ಕುಡಿದ ರಾತ್ರಿ ಬೇಡ. ಬೆಳಗಿನ ಕಾಫಿಯ ಹೊತ್ತಿನಲ್ಲಿ, ಆ ಇರುವೆಯ ರಾತ್ರಿ ನಿಮಗೆ ಎಷ್ಟು ಭಯವಾಗಿತ್ತು ಎಂಬುದರಿಂದ ಶುರು ಮಾಡಿ. ಕಣ್ಣಿಂದ ಕಂಡದ್ದನ್ನು ಅವರು ಮರೆತಿರಲಾರರು. ಮುಂದೆ ನಡುವೆ ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದು ಕೂರಬೇಡಿ, ಮಾರನೆಯ ದಿನವೇ ಕರೆದುಕೊಂಡು ಬನ್ನಿ. ‘ಡಾಕ್ಟರಿಗೆ ಮುಖ ತೋರಿಸಲು ನಾಚಿಕೆ’ ಎಂದು ಬರುವುದನ್ನು ಬಿಟ್ಟು ಮುಳುಗಿದವರನ್ನು ನಾನು ಬಹಳ ಕಂಡಿದ್ದೇನೆ.

ಪ್ರಶ್ನೆ: ಮಗ ಪ್ರಥಮ ಪಿಯುಸಿ, ವಯಸ್ಸು 16. ಬ್ಯಾಗಿನ ಜಾಮಿಟ್ರಿ ಬಾಕ್ಸ್‌ನಲ್ಲಿ ಗಾಂಜಾ ಸಿಕ್ಕಿತು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆಯೇ? ಓದು ನಿಲ್ಲಿಸಿ ಅಜ್ಜಿಯ ಊರಿಗೆ ಕಳಿಸೋಣ ಎಂದುಕೊಂಡಿದ್ದೇವೆ.
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಚಿಕಿತ್ಸೆಗೆ ಬಂದ ಹುಡುಗನ ವಿಷಯವನ್ನು ನಾವು ಠಾಣೆಗೆ ತಿಳಿಸುವುದಿಲ್ಲ, ಗೋಪ್ಯತೆ ರೋಗಿಯ ಕಾನೂನುಬದ್ಧ ಹಕ್ಕು. ಮಾದಕ ವಸ್ತು ತಡೆಯ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೂ, ಸಣ್ಣ ಪ್ರಮಾಣ ಅಥವಾ ಸೇವನೆಯ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಂ ಇದೆ. ಭಯಪಟ್ಟು ತಡ ಮಾಡಬೇಡಿ.

ಅಜ್ಜಿಯ ಊರು ಬೇಡ. ಓದು, ಸಹಪಾಠಿಗಳು, ಸಂಜೆಯ ಕ್ರಿಕೆಟ್ ಇವೇ ಅವನನ್ನು ಹಿಡಿದಿಟ್ಟಿರುವ ಹಗ್ಗಗಳು. ಅವನ್ನು ಕತ್ತರಿಸಿ ಗಾಂಜಾ ಒಂದನ್ನೇ ನೆನಪಿಗೆ ಬಿಟ್ಟರೆ ಏನು ಬಂತು? ಮೊದಲ ಭೇಟಿಯಲ್ಲಿ ನಾನು ಹುಡುಗನೊಂದಿಗೆ ಒಬ್ಬನೇ ಮಾತನಾಡುತ್ತೇನೆ, ತಂದೆ ತಾಯಿ ಹೊರಗೆ. ‘ನಿನ್ನ ಪ್ರಾಣಕ್ಕೆ ಅಪಾಯವಾಗುವಂಥದ್ದನ್ನು ಬಿಟ್ಟು ಉಳಿದದ್ದು ನಮ್ಮಿಬ್ಬರಲ್ಲೇ ಇರುತ್ತದೆ’ ಎಂದು ಮೊದಲೇ ಹೇಳುತ್ತೇನೆ. ಅಷ್ಟು ಹೇಳಿದ ಮೇಲೂ ಕೆಲವರು ಅರ್ಧ ಗಂಟೆ ನೆಲವನ್ನೇ ನೋಡುತ್ತಾರೆ. ಪರವಾಗಿಲ್ಲ, ಎರಡನೆಯ ವಾರ ಮಾತು ಬರುತ್ತದೆ. ಗಾಂಜಾದ ಹಿಂದೆ ನಿದ್ದೆ ಬಾರದ ರಾತ್ರಿ, ಪರೀಕ್ಷೆಯ ಭಯ, ಹಾಸ್ಟೆಲ್ಲಿನ ಅವಮಾನ ಹೀಗೆ ಏನಾದರೊಂದು ಇರುತ್ತದೆ. ಅದನ್ನು ನೋಡದೆ ಗಾಂಜಾ ಒಂದನ್ನೇ ಕಿತ್ತುಕೊಂಡರೆ ನಿಲ್ಲುವುದಿಲ್ಲ. ದಿನವೂ ಸೇದುತ್ತಿದ್ದವನು ಬಿಟ್ಟಾಗ ಒಂದೆರಡು ವಾರ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು ಸಹಜ. ಆ ದಿನಗಳಲ್ಲಿ ಮನೆಯಲ್ಲಿ ಜಗಳ ತೆಗೆಯಬೇಡಿ. ಕದ್ದು ಮೂತ್ರ ಪರೀಕ್ಷೆ ಮಾಡಿಸುವುದೂ ಬೇಡ. ಬಿಟ್ಟು ವಾರಗಳಾದ ಮೇಲೂ ಪಾಸಿಟಿವ್ ಬರಬಹುದು, ಬಿಟ್ಟ ಹುಡುಗನನ್ನು ಸುಳ್ಳುಗಾರ ಎಂದಂತಾಗುತ್ತದೆ. ಆದರೆ ಕಿವಿಯಲ್ಲಿ ಯಾರೋ ಮಾತನಾಡುತ್ತಾರೆ, ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂದನೋ, ಅದೇ ದಿನ ಮನೋವೈದ್ಯರಲ್ಲಿಗೆ ಕರೆತನ್ನಿ.

ಇವತ್ತೇ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416, ಮಾದಕ ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಎರಡೂ ಉಚಿತ.

ಪ್ರಶ್ನೆ: 58 ವರ್ಷ. ಎಲೆ ಅಡಿಕೆಗೆ ಕಡ್ಡಿಪುಡಿ ಹಾಕುವ ಅಭ್ಯಾಸ 30 ವರ್ಷದ್ದು. ಬಿಡಲು ಆಸ್ಪತ್ರೆ ಬೇಕೇ?
– ಓದುಗರು, ಸಿರಾ

ಉತ್ತರ: ದಾಖಲಾಗುವ ಅಗತ್ಯವಿಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ ನೆರವಾಗುತ್ತದೆ. ಆದರೆ ಅದನ್ನು ಎಲೆ ಅಡಿಕೆಯಂತೆ ಜಗಿಯಬೇಡಿ. ನಾಲ್ಕಾರು ಸಲ ಜಗಿದು, ಖಾರ ಬಂದಾಗ ಕೆನ್ನೆಯ ಮೂಲೆಗೆ ಒತ್ತಿಡಿ. ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ತಂಬಾಕು ಬಿಡುವವರಿಗಾಗಿ 1800-11-2356 ಎಂಬ ಉಚಿತ ಸಂಖ್ಯೆಯೂ ಇದೆ. ಅಡಿಕೆಯನ್ನೂ ಬಿಡಿ, ಅದೂ ಬಾಯಿ ಕ್ಯಾನ್ಸರಿಗೆ ಕಾರಣ. ಈ ವಾರವೇ ಕನ್ನಡಿಯ ಮುಂದೆ ಬೆಳಕಿನಲ್ಲಿ ಬಾಯಿ ತೆರೆದು ಕೆನ್ನೆಯ ಒಳಭಾಗ, ನಾಲಗೆಯ ಅಡಿಭಾಗ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ, ಮೂರು ಬೆರಳು ನಿಲ್ಲಿಸಿ ಹಿಡಿದಷ್ಟು ಬಾಯಿ ತೆರೆಯಲಾಗದಿದ್ದರೆ ಕೂಡಲೇ ದಂತ ವೈದ್ಯರಿಗೆ ತೋರಿಸಿ.