ಮಾರುತಿ 800 ಹೆಡ್‌ಗೆ ಮನೆಯಲ್ಲೇ ಪೋರ್ಟಿಂಗ್ ಮಾಡಬಹುದಾ?

ನೀವು ಕೇಳಿದ್ದು ಇಷ್ಟು: ಕಾರ್ಬ್ಯುರೇಟರ್ ಇರುವ ಹಳೆಯ ಮಾರುತಿ 800 ಇದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೇಗೂ ಹೆಡ್ (ಎಂಜಿನ್ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ಇಳಿಸಬೇಕು. ಹಾಗೇ ಮನೆಯಲ್ಲೇ ಪೋರ್ಟಿಂಗ್, ಪಾಲಿಶಿಂಗ್ (ಹೆಡ್ ಒಳಗೆ ಗಾಳಿ, ಹೊಗೆ ಓಡಾಡುವ ದಾರಿಗಳಾದ ಪೋರ್ಟ್‌ಗಳನ್ನು ಕೆರೆದು ನುಣುಪು ಮಾಡುವುದು) ಮಾಡಿಬಿಡಬಹುದಾ, ಎಷ್ಟು ಪವರ್ ಜಾಸ್ತಿಯಾಗುತ್ತೆ?

ಮಾಡಬಹುದು. ನಾನು ಇದೇ ಗಾಡಿಗೆ ಮೂರು ಹೆಡ್ ಮಾಡಿದ್ದೇನೆ. ಒಂದು ಗುಜರಿಗೆ ಹೋಯಿತು. ಇನ್ನೊಂದು ಓಡಿತು, ಆದರೆ ಯಾಕಾದರೂ ಮಾಡಿದೆನೋ ಅನ್ನಿಸಿತು. ಮೂರನೆಯದು ಈಗಲೂ ಗಾಡಿಯಲ್ಲಿದೆ. ಅತಿ ಕಡಿಮೆ ಲೋಹ ತೆಗೆದದ್ದು ಈ ಮೂರನೆಯದರಲ್ಲೇ.

ಮೊದಲು ಪವರ್ ವಿಷಯ ಮುಗಿಸಿಬಿಡೋಣ. ಇದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಇದರ ಶಕ್ತಿಯೇ ಸುಮಾರು 40 ಬಿಎಚ್‌ಪಿ ಒಳಗೆ. ಬರೀ ಹೆಡ್ ಕೆಲಸದಿಂದ, ಅದೂ ಚೆನ್ನಾಗಿ ಮಾಡಿದರೆ, ಎರಡು ಮೂರು ಬಿಎಚ್‌ಪಿ ಸಿಕ್ಕರೆ ದೊಡ್ಡದು. ಕ್ಯಾಮ್, ಎಕ್ಸಾಸ್ಟ್, ಕಾರ್ಬ್ಯುರೇಟರ್ ಎಲ್ಲ ಹಳೆಯವೇ ಇದ್ದರೆ ಹೆಡ್ ಒಂದೇ ಏನು ಮಾಡೀತು? "ಪೋರ್ಟಿಂಗ್ ಮಾಡಿಸಿದ ಮೇಲೆ ಗಾಡಿ ಹಾರುತ್ತೆ" ಅನ್ನುವವರ ಮಾತನ್ನು ನಂಬಬೇಡಿ. ಹಳೇ ಗ್ಯಾಸ್ಕೆಟ್, ಸೋರುವ ವಾಲ್ವ್, ಕಾರ್ಬನ್ ಎಲ್ಲ ಹೋಗಿ ಹೊಸತಾದಾಗ ಬರುವ ಪಿಕಪ್ಪನ್ನೂ ಅವರು ಪೋರ್ಟಿಂಗ್ ಲೆಕ್ಕಕ್ಕೇ ಬರೆದುಕೊಳ್ಳುತ್ತಾರೆ.

ನನ್ನ ಮೊದಲ ಹೆಡ್ ಕಥೆ ಕೇಳಿ. ಹಾಸನದಲ್ಲಿ ಗುಜರಿ ಅಂಗಡಿಯಿಂದ ತಂದದ್ದು. ಹಿತ್ತಲಲ್ಲಿ ಬೆಂಚಿನ ಮೇಲಿಟ್ಟು ಗ್ರೈಂಡರ್ ಹಿಡಿದೆ. ಅಲ್ಯೂಮಿನಿಯಂ ಮೆತ್ತಗೆ, ಬೆಣ್ಣೆ ಕೆರೆದ ಹಾಗೆ ಬರುತ್ತದೆ, ಕೈಗೆ ಖುಷಿಯಾಗುತ್ತದೆ. ಅಪಾಯ ಇರುವುದೇ ಅಲ್ಲಿ. ಎರಡನೇ ಸಂಜೆ ಇಂಟೇಕ್ (ಗಾಳಿ ಒಳಗೆ ಬರುವ) ಪೋರ್ಟ್‌ನ ತಳ ಕೆರೆಯುತ್ತಿದ್ದಾಗ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಗುಂಯ್ ಅನ್ನುತ್ತಿದ್ದದ್ದು ಟೊಳ್ಳು ಡಬ್ಬದ ಥರ ಕೇಳಿತು. ಬ್ಯಾಟರಿ ಬಿಟ್ಟು ನೋಡಿದರೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ನೋಡುತ್ತಿದ್ದ ಹಾಗೇ ಅದರಿಂದ ತುಕ್ಕು ಬಣ್ಣದ ಒಂದು ಹನಿ ಇಳಿಯಿತು. ವಾಟರ್ ಜಾಕೆಟ್‌ಗೆ, ಅಂದರೆ ಎಂಜಿನ್ ತಣಿಸುವ ನೀರು ಹರಿಯುವ ಜಾಗಕ್ಕೆ, ತೂತು ಬಿದ್ದಿತ್ತು. ಇದನ್ನು ಟಿಗ್ ವೆಲ್ಡಿಂಗ್‌ನಲ್ಲಿ ಮುಚ್ಚಬಹುದು ಅಂತಾರೆ, ಆದರೆ ಎಣ್ಣೆ ಕುಡಿದ ಹಳೇ ಎರಕದ ಮೇಲೆ ವೆಲ್ಡ್ ಸರಿಯಾಗಿ ಕೂರುವುದಿಲ್ಲ, ಬಿಸಿಗೆ ಹೆಡ್ ಬಾಗುತ್ತದೆ. ಅಷ್ಟು ದುಡ್ಡಿಗೆ ಇನ್ನೊಂದು ಹೆಡ್ ಬರುತ್ತದೆ.

ಆ ಹೆಡ್ ಒಂದು ಉಪಕಾರ ಮಾಡಿತು. ಹ್ಯಾಕ್ಸಾ ಬ್ಲೇಡ್‌ನಲ್ಲಿ ಪೋರ್ಟ್ ಉದ್ದಕ್ಕೂ ಅದನ್ನು ಸೀಳಿದೆ. ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ ಅಂತ ಕಣ್ಣಾರೆ ಕಂಡಿತು. ನೀವೂ ಬಿರುಕು ಬಿಟ್ಟ ಒಂದು ಹೆಡ್ ಹುಡುಕಿ ತಂದು ಮೊದಲು ಅದನ್ನು ಕೊಯ್ಯಿರಿ. ಅಭ್ಯಾಸವೂ ಅದರ ಮೇಲೇ ಆಗಲಿ.

ಎರಡನೇ ಹೆಡ್‌ನಲ್ಲಿ ತೂತು ಬೀಳಲಿಲ್ಲ, ಬೇರೆ ತಪ್ಪಾಯಿತು. ಮ್ಯಾನಿಫೋಲ್ಡ್ (ಹೆಡ್‌ಗೆ ಕೂರುವ ಗಾಳಿ, ಹೊಗೆಯ ಕೊಳವೆ) ಗ್ಯಾಸ್ಕೆಟ್‌ನ ತೂತು ಎಷ್ಟಿದೆಯೋ ಅಷ್ಟಕ್ಕೂ ಪೋರ್ಟ್ ಅಗಲ ಮಾಡಿದೆ, ಒಳಗೆಲ್ಲ ಮುಖ ಕಾಣುವ ಹಾಗೆ ಪಾಲಿಶ್ ಹೊಡೆದೆ. ಸ್ನೇಹಿತರನ್ನೆಲ್ಲ ಕರೆದು ತೋರಿಸಿದ್ದೇ ತೋರಿಸಿದ್ದು. ಗಾಡಿಗೆ ಕೂರಿಸಿ ಮಂಗಳೂರಿಗೆ ಹೋಗಿ ಬರುವಾಗ ಬಣ್ಣ ಬಯಲಾಯಿತು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಮೊದಲು ಮೂರನೇ ಗೇರಿನಲ್ಲಿ ಎಳೆಯುತ್ತಿದ್ದ ತಿರುವುಗಳಲ್ಲಿ ಎರಡಕ್ಕೆ ಇಳಿಸಬೇಕಾಯಿತು. ಹೈವೇಯಲ್ಲಿ ಕಾಲು ಒತ್ತಿ ಹಿಡಿದರೆ ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಚುರುಕು ಕಂಡದ್ದು ನಿಜ. ಆದರೆ ಮಾರುತಿ 800ನ್ನು ದಿನಾ ಅಲ್ಲಿ ಯಾರು ಓಡಿಸುತ್ತಾರೆ?

ಕಾರಣ ಸುಲಭ. ಸೌದೆ ಒಲೆಗೆ ಊದುಕೊಳವೆಯಲ್ಲಿ ಊದಿದ್ದೀರಲ್ಲ? ಕೊಳವೆ ಸಣ್ಣಗಿದ್ದರೆ ಗಾಳಿ ರಭಸವಾಗಿ ಹೋಗಿ ಕೆಂಡ ಹೊತ್ತಿಕೊಳ್ಳುತ್ತದೆ. ಅದೇ ಉಸಿರನ್ನು ದಪ್ಪ ಪಿವಿಸಿ ಪೈಪಿನಲ್ಲಿ ಊದಿ ನೋಡಿ, ಬೂದಿಯೂ ಅಲುಗುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಎಳೆಯುವ ಗಾಳಿ ಕಮ್ಮಿ. ಪೋರ್ಟ್ ಅಗಲವಾದರೆ ಆ ಗಾಳಿಯ ವೇಗ ಸಾಯುತ್ತದೆ, ಸಿಲಿಂಡರ್ ಸರಿಯಾಗಿ ತುಂಬುವುದಿಲ್ಲ, ಟಾರ್ಕ್ ಬೀಳುತ್ತದೆ. ಕನ್ನಡಿ ಪಾಲಿಶ್ ಕೂಡ ಇಂಟೇಕ್‌ನಲ್ಲಿ ಬರೀ ಶೋಕಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಹನಿಗಳು ಪೋರ್ಟ್ ಗೋಡೆಗೆ ಅಂಟಿ ಹರಿಯುತ್ತವೆ. ಮೈ ಸ್ವಲ್ಪ ತರಿತರಿಯಾಗಿದ್ದರೆ ಅವು ಮತ್ತೆ ಗಾಳಿಗೆ ಸೇರುವುದು ಸುಲಭ. 80 ಅಥವಾ 100 ನಂಬರ್ ಪೇಪರ್ ಹೊಡೆದು ನಿಲ್ಲಿಸಿಬಿಡಿ. ಎಕ್ಸಾಸ್ಟ್ (ಹೊಗೆ ಹೋಗುವ) ಪೋರ್ಟನ್ನೂ ಪೆಟ್ರೋಲ್ ಉರಿಯುವ ಕಂಬಶ್ಚನ್ ಚೇಂಬರನ್ನೂ ಬೇಕಾದರೆ ನುಣ್ಣಗೆ ಮಾಡಿ, ಕಾರ್ಬನ್ ಅಷ್ಟು ಬೇಗ ಹಿಡಿಯುವುದಿಲ್ಲ.

ಹಾಗಾದರೆ ಲೋಹ ತೆಗೆಯಬೇಕಾದದ್ದು ಎಲ್ಲಿ? ವಾಲ್ವ್ ಸೀಟ್‌ನ (ವಾಲ್ವ್ ಮುಚ್ಚಿದಾಗ ಕೂರುವ ರಿಂಗ್) ಕೆಳಗೆ, ಸುಮಾರು ಅರ್ಧ ಇಂಚಿನ ಜಾಗದಲ್ಲಿ. ಇದನ್ನು ಬೌಲ್ ಅಂತಾರೆ. ವಾಲ್ವ್ ತೆಗೆದು ಬೆರಳು ಹಾಕಿ ಸವರಿ ನೋಡಿ. ಸೀಟ್ ರಿಂಗ್ ಮುಗಿದು ಅಲ್ಯೂಮಿನಿಯಂ ಶುರುವಾಗುವ ಕಡೆ ಒಂದು ಮೆಟ್ಟಿಲು ಉಗುರಿಗೆ ಸಿಗುತ್ತದೆ. ಫ್ಯಾಕ್ಟರಿಯಲ್ಲಿ ಕಟರ್ ಇಳಿದು ನಿಂತ ಗುರುತು ಅದು. ಗಾಳಿ ಅಲ್ಲಿ ಎಡವುತ್ತದೆ. ಆ ಮೆಟ್ಟಿಲನ್ನು ಇಳಿಜಾರಾಗಿ ಸೇರಿಸಿದರೆ ನಿಮ್ಮ ಕೆಲಸದ ಮುಕ್ಕಾಲು ಪಾಲು ಮುಗಿಯಿತು. ಅಳತೆಗೆ ಒಂದು ಲೆಕ್ಕ ಇದೆ: ಸೀಟ್ ಕೆಳಗಿನ ಗಂಟಲು ವಾಲ್ವ್ ತಲೆಯ ಅಗಲದ ನೂರಕ್ಕೆ 85ರಿಂದ 90 ಇರಬೇಕು. ವಾಲ್ವ್ ತಲೆ 30 ಮಿಮೀ ಅಂದುಕೊಂಡರೆ ಗಂಟಲು 26 ಚಿಲ್ಲರೆ. ಅದಕ್ಕಿಂತ ದೊಡ್ಡದು ಮಾಡಿದರೆ ಸೀಟ್‌ಗೆ ಆಧಾರವೇ ಇರುವುದಿಲ್ಲ.

ಪೋರ್ಟ್ ಬಾಗುವ ಕಡೆ ಒಳಬದಿಯ ಸಣ್ಣ ತಿರುವು ಇರುತ್ತದಲ್ಲ, ಅದನ್ನು ಆಳಕ್ಕೆ ಕೆರೆಯಲೇಬೇಡಿ. ಚೂಪಾದ ಅಂಚಿದ್ದರೆ ದುಂಡಗೆ ಮಾಡಿ, ಅಷ್ಟೇ. ನನ್ನ ಮೊದಲ ಹೆಡ್ ತೂತಾದದ್ದು ಅಲ್ಲಿಯೇ. ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಸುತ್ತಲಿನ ಉಬ್ಬನ್ನು ಎರಡೂ ಪಕ್ಕದಿಂದ ಸ್ವಲ್ಪ ತೆಳ್ಳಗೆ ಮಾಡಬಹುದು, ಗೈಡನ್ನು ಮಾತ್ರ ಗಿಡ್ಡ ಮಾಡಬೇಡಿ. ಮ್ಯಾನಿಫೋಲ್ಡ್ ಕೂರುವ ಕಡೆ ಗ್ಯಾಸ್ಕೆಟ್ ಇಟ್ಟು ಗೀರು ಎಳೆದು ನೋಡಿ. ಗಾಳಿ ಬರುವ ದಾರಿಗೆ ಅಡ್ಡವಾಗಿ ತುಟಿ ಚಾಚಿದ್ದರೆ ಅಷ್ಟನ್ನು ಮಾತ್ರ ತೆಗೆಯಿರಿ. ಎಕ್ಸಾಸ್ಟ್‌ನಲ್ಲಿ ಹೆಡ್‌ನ ತೂತು ಮ್ಯಾನಿಫೋಲ್ಡ್‌ನದಕ್ಕಿಂತ ಸ್ವಲ್ಪ ಸಣ್ಣದಿದ್ದರೆ ಹಾಗೇ ಬಿಡಿ, ವಾಪಸ್ ನುಗ್ಗುವ ಹೊಗೆಯನ್ನು ಆ ಮೆಟ್ಟಿಲು ತಡೆಯುತ್ತದೆ.

ಸಾಮಾನಿನ ವಿಷಯಕ್ಕೆ ಬಂದರೆ, ಕೈಯಲ್ಲಿ ಹಿಡಿಯುವ ಸಣ್ಣ ರೋಟರಿ ಟೂಲ್ ಸಾಕು, ಆದರೆ ತಾಳ್ಮೆ ಬೇಕು. ಕಾರ್ಬೈಡ್ ಬರ್ (ಟೂಲ್ ತುದಿಗೆ ಹಾಕುವ, ಕೆರೆಯುವ ಹಲ್ಲಿನ ತುಂಡು) ತಗೊಳ್ಳುವಾಗ ಹಲ್ಲು ದೂರ ದೂರ ಇರುವ, ಅಲ್ಯೂಮಿನಿಯಂಗೆ ಅಂತಲೇ ಬರುವುದನ್ನು ಕೇಳಿ. ಕಬ್ಬಿಣಕ್ಕೆ ಬಳಸುವ ಸಣ್ಣ ಹಲ್ಲಿನದ್ದು ಒಂದೇ ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ. ಆಗಾಗ ಬರನ್ನು ಸೀಮೆಎಣ್ಣೆಗೆ ಅದ್ದುತ್ತಿರಿ ಅಂತ ಮೇಸ್ತ್ರಿಗಳು ಹೇಳುತ್ತಾರೆ. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತೆ ಹೇಳಿ, ನಾನು ಮೇಣದಬತ್ತಿ ಉಜ್ಜಿದೆ. ಹಳೇ ವಾಲ್ವ್‌ಗಳನ್ನು ಎಸೆಯಬೇಡಿ. ಕೆಲಸ ಮಾಡುವಾಗ ಆದಷ್ಟು ಅವನ್ನು ಸೀಟ್ ಮೇಲೆ ಕೂರಿಸಿಡಿ. ಬರ್ ಜಾರಿ ಸೀಟ್‌ಗೆ ಒಂದು ಗೀರು ಬಿದ್ದರೂ ಅದು ಸೋರುತ್ತದೆ. ಕನ್ನಡಕ, ಮಾಸ್ಕ್ ಹೇಳಬೇಕಾಗಿಲ್ಲ ಅಲ್ವಾ? ಅಲ್ಯೂಮಿನಿಯಂ ಪುಡಿ ತಿಂಗಳುಗಟ್ಟಲೆ ನನ್ನ ಚಪ್ಪಲಿಯಲ್ಲಿ ಮಿನುಗುತ್ತಿತ್ತು, ಮನೆಯಲ್ಲಿ ಬೈಸಿಕೊಂಡದ್ದು ಬೇರೆ.

ಚೇಂಬರ್ ಮುಟ್ಟಿದರೆ ಮೂರನ್ನೂ ಅಳೆಯಲೇಬೇಕು. ಸ್ಪಾರ್ಕ್ ಪ್ಲಗ್, ವಾಲ್ವ್ ಹಾಕಿ ಹೆಡ್ ಮಗುಚಿ, ತೂತು ಕೊರೆದ ಅಕ್ರಿಲಿಕ್ ಹಾಳೆಯನ್ನು ಗ್ರೀಸ್ ಹಚ್ಚಿ ಕೂರಿಸಿ. ನೀರಿಗೆ ಎರಡು ಹನಿ ಶಾಯಿ, ಒಂದು ಹನಿ ಪಾತ್ರೆ ಸೋಪು. ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜಿನಲ್ಲಿ ತುಂಬುತ್ತಾ ಎಣಿಸಿ. ನನ್ನ ಮೂರನೇ ಹೆಡ್‌ನಲ್ಲಿ ನಡುವಿನ ಚೇಂಬರ್ ಉಳಿದೆರಡಕ್ಕಿಂತ 0.6 ಸಿಸಿ ಕಮ್ಮಿ ಇತ್ತು. ಅದನ್ನಷ್ಟೇ ಸವರಿ ಸರಿ ಮಾಡಿದೆ. ಯಾಕೆ ಹುಷಾರಾಗಿರಬೇಕು ಅಂದರೆ, ಒಂದು ಸಿಲಿಂಡರಿನ ಪಾಲು ಬರೀ 265 ಸಿಸಿ. ಕಂಪ್ರೆಶನ್ (ಸಿಲಿಂಡರಿನ ಗಾಳಿ ಎಷ್ಟು ಪಟ್ಟು ಒತ್ತಿಹೋಗುತ್ತದೆ ಅನ್ನುವ ಲೆಕ್ಕ) 8.7 ಇದ್ದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 34.5 ಸಿಸಿ. ಅದಕ್ಕೆ 1 ಸಿಸಿ ಸೇರಿಸಿದರೆ ಕಂಪ್ರೆಶನ್ 8.5ಕ್ಕೆ ಇಳಿಯುತ್ತದೆ. ಪೋರ್ಟ್‌ನಲ್ಲಿ ಗಳಿಸಿದ್ದನ್ನು ಇಲ್ಲಿ ಕಳೆದುಕೊಂಡ ಹಾಗೆ.

ಸೀಟ್ ಕಟಿಂಗ್ ಮಾತ್ರ ಮನೆಯಲ್ಲಿ ಬೇಡ. ಒಳ್ಳೆಯ ಎಂಜಿನ್ ರೀಕಂಡೀಷನಿಂಗ್ ಅಂಗಡಿಗೆ ಕೊಟ್ಟು 30, 45, 60 ಡಿಗ್ರಿಯ ಮೂರು ಕೋನ ಹಾಕಿಸಿ. ಸೀಟ್‌ನ ಈ ಕೆಲಸವೂ ಬೌಲ್ ಕೆಲಸವೂ ಒಟ್ಟಿಗೆ ಆದರೇನೇ ಫಲ. ಆಮೇಲೆ ಮನೆಗೆ ತಂದು ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿ, ಪೋರ್ಟ್‌ಗೆ ಡೀಸೆಲ್ ಸುರಿದು ಅರ್ಧ ಗಂಟೆ ಬಿಟ್ಟು ಸೋರುತ್ತದಾ ನೋಡಿ.

ಜೋಡಿಸುವ ಮುಂಚೆ ಬಿಸಿನೀರು, ಸೋಪು, ಬಾಟಲಿ ತೊಳೆಯುವ ಬ್ರಶ್. ಪ್ರತಿ ಎಣ್ಣೆ ದಾರಿ, ಪ್ರತಿ ಬೋಲ್ಟ್ ತೂತು ತೊಳೆದು ಗಾಳಿ ಹೊಡೆಸಿ. ಆಮೇಲೆ ಇನ್ನೊಂದು ಸಲ ತೊಳೆಯಿರಿ. ಒಂದು ಚೂರು ಅಲ್ಯೂಮಿನಿಯಂ ಎಣ್ಣೆಗೆ ಸೇರಿದರೂ ಬೇರಿಂಗ್‌ಗೆ ಕುತ್ತು. ಗಾಡಿ ಓಡಲು ಶುರುವಾದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮೇನ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಒಂದು ಸೈಜ್ ದೊಡ್ಡದು ಬೇಕಾಗಬಹುದು.

ಮೂರನೇ ಹೆಡ್ ಹಾಕಿಕೊಂಡು ಅದೇ ಘಾಟಿ ಹತ್ತಿದೆ. ಮೂರನೇ ಗೇರ್ ವಾಪಸ್ ಬಂದಿತ್ತು, ದೋಣಿಗಲ್ ಹತ್ತಿರದ ಏರಿನಲ್ಲಿ ಇನ್ನೂ ಸ್ವಲ್ಪ ಉಸಿರು ಉಳಿದಿತ್ತು. ಪವರ್ ಅಳೆಯುವ ಡೈನೋ ಮೇಲೆ ಹಾಕಿಲ್ಲ, ಹಾಗಾಗಿ ಅಂಕಿ ಹೇಳುವುದಿಲ್ಲ.

ನಿಮ್ಮದು ಗ್ಯಾಸ್ಕೆಟ್ ಹೋದ ಗಾಡಿ, ಆದ್ದರಿಂದ ಗ್ರೈಂಡರ್ ಹಿಡಿಯುವ ಮೊದಲೇ ಹೆಡ್ ಬಾಗಿದೆಯಾ ನೋಡಿ. ನೇರವಾದ ಸ್ಟೀಲ್ ಪಟ್ಟಿಯನ್ನು ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು, 0.05 ಮಿಮೀ ಫೀಲರ್ ಗೇಜ್ ಕೆಳಗೆ ತೂರುತ್ತದಾ ಪರೀಕ್ಷಿಸಿ. ತೂರಿದರೆ ಮೊದಲು ಫೇಸಿಂಗ್, ಅಂದರೆ ಮೆಷಿನ್‌ನಲ್ಲಿ ಹೆಡ್‌ನ ಮುಖ ಸಮ ಮಾಡಿಸುವುದು. ತೀರಾ ಬಾಗಿದ್ದರೆ ಆ ಹೆಡ್ ಮೇಲೆ ವಾರಗಟ್ಟಲೆ ಕೂರುವುದು ದಂಡ. ನೇರವಾಗಿದ್ದರೆ ಒಂದು ವಾಲ್ವ್ ಬಿಚ್ಚಿ, ಸೀಟ್ ಕೆಳಗಿನ ಮೆಟ್ಟಿಲು ಕಾಣುವ ಹಾಗೆ ಬೆಳಕು ಬಿಟ್ಟು ಫೋಟೊ ತೆಗೆದು ಇಲ್ಲೇ ಹಾಕಿ. ಎಷ್ಟು ತೆಗೆಯಬಹುದು ಅಂತ ನೋಡಿ ಹೇಳುತ್ತೇನೆ.